ಬೆನ್ನುಮೂಳೆಗೆ ಸಿಮೆಂಟ್ ಹಾಕಿದ ದಿನ

16 ಏಪ್ರಿಲ್ 2025, ಬುಧವಾರ
ದಾವಣಗೆರೆ

ಆಪರೇಷನ್ ಥಿಯೇಟರಿಗೆ ಹೋದವಳೇ ಎಸಿಯನ್ನು 19ಕ್ಕೆ ಇಳಿಸಿದೆ. ಇವತ್ತಿನ ಕೇಸಿಗೆ ಬೋನ್ ಸಿಮೆಂಟ್ ಬೇಕಿತ್ತು. ಈ ಬಿಸಿಲಲ್ಲಿ ಕೋಣೆ ಕಾದಿದ್ದರೆ ಸಿಮೆಂಟ್ ಬೇಗ ಗಟ್ಟಿಯಾಗಿಬಿಡುತ್ತದೆ, ಸರ್ಜನ್ನರಿಗೆ ಸಮಯವೇ ಸಿಗುವುದಿಲ್ಲ.

ಪೇಷಂಟ್ 72 ವರ್ಷದ ಅಜ್ಜಿ. ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆಯ ಸೊಂಟದ ಭಾಗದ ಮೊದಲ ಮಣಿ, ಎಲ್1, ಕುಸಿದಿತ್ತು. ಬರೀ ನೋವು ಅಂತ ಮನೆಯಲ್ಲೇ ಮಲಗಿದ್ದರು. ಬರಬರುತ್ತಾ ಕಾಲಿನ ಶಕ್ತಿಯೂ ಕುಂದಿತು. ಮುರಿದ ಮಣಿಯ ಮೇಲೆ ಎರಡು, ಕೆಳಗೆ ಎರಡು ಮಣಿಗಳಿಗೆ ಸ್ಕ್ರೂ ಹಾಕಿ ರಾಡ್ ಜೋಡಿಸಬೇಕಿತ್ತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ ಸ್ಕೋರ್ (ಆರೋಗ್ಯವಂತ ಯುವ ಮೂಳೆಗೆ ಹೋಲಿಸಿದ ಅಂಕ) ಮೈನಸ್ 3.6. ಮೈನಸ್ 2.5 ಮುಟ್ಟಿದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆಯುವ ಕಾಯಿಲೆ, ಅನ್ನುತ್ತಾರೆ.

ಇಂಥ ಮೂಳೆಗೆ ಸ್ಕ್ರೂ ತಿರುಗಿಸುವಾಗ ಕೈಗೆ ಬಿಗಿಯೇ ಸಿಗುವುದಿಲ್ಲ. ಒಳಗಿನ ಜಾಲರಿ ಅಷ್ಟು ತೆಳುವಾಗಿರುತ್ತದೆ. ಸುಮ್ನೆ ಹಾಗೇ ಹಾಕಿ ಬಿಟ್ಟರೆ ಅಜ್ಜಿ ಎದ್ದು ಓಡಾಡಿದಂತೆ ಸ್ಕ್ರೂ ಅಲುಗಾಡಿ ಸಡಿಲವಾಗುತ್ತದೆ, ಕೆಲವೊಮ್ಮೆ ಕಿತ್ತೇ ಬರುತ್ತದೆ. ಅದಕ್ಕೇ ತುದಿಯಲ್ಲಿ ಸಣ್ಣ ತೂತುಗಳಿರುವ ಟೊಳ್ಳು ಸ್ಕ್ರೂ. ಅದರ ಮೂಲಕ ಸಿಮೆಂಟ್ ಒಳಗೆ ಹೋಗಿ, ತುದಿಯ ಸುತ್ತ ಜಾಲರಿಯ ಸಂದುಗಳಲ್ಲಿ ತುಂಬಿಕೊಂಡು ಗಟ್ಟಿಯಾಗುತ್ತದೆ. ಇದು ಅಂಟಲ್ಲ. ಸಂದಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ಅಷ್ಟೇ.

ತೂತುಗಳು ಎಲ್ಲಿ ನಿಂತಿವೆ ಅನ್ನುವುದೇ ಇಲ್ಲಿ ದೊಡ್ಡ ವಿಷಯ. ಹಿಂದೆ ಉಳಿದರೆ ಸಿಮೆಂಟ್ ನರಗಳಿರುವ ಕಾಲುವೆಗೆ ಇಳಿಯಬಹುದು. ಸ್ಕ್ರೂ ಮುಂದಿನ ಗೋಡೆ ದಾಟಿದರೆ ದೊಡ್ಡ ರಕ್ತನಾಳಗಳ ಕಡೆ ಸೋರಬಹುದು. ಸರ್ಜನ್ ಸರ್ ಸಿ-ಆರ್ಮ್‌ನಲ್ಲಿ (ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ತೋರಿಸುವ ಯಂತ್ರ) ಎಂಟೂ ಸ್ಕ್ರೂಗಳನ್ನು ಎರಡೆರಡು ಕೋನದಿಂದ ನೋಡಿ ತೃಪ್ತಿಯಾದ ಮೇಲೆಯೇ "ಸಿಸ್ಟರ್, ಕಲಸಿ" ಅಂದರು.

ಪುಡಿಗೆ ದ್ರವ ಸುರಿದ ತಕ್ಷಣ ಮೂಗಿಗೆ ಅಡರುವ ಘಾಟು. ಪುಡಿ ಪಿಎಂಎಂಎ ಪ್ಲಾಸ್ಟಿಕ್, ಎಕ್ಸ್-ರೇಯಲ್ಲಿ ಕಾಣಲಿ ಅಂತ ಅದರಲ್ಲಿ ಬೇರಿಯಂ ಸಲ್ಫೇಟ್ ಸೇರಿಸಿರುತ್ತಾರೆ. ಮೊದಲು ನೀರು ನೀರಾಗಿರುತ್ತದೆ. ಆಗ ಹಾಕಿದರೆ ಸೋರುವುದೇ ಜಾಸ್ತಿ. ಟೂತ್‌ಪೇಸ್ಟಿನ ಹದಕ್ಕೆ ಬರುವವರೆಗೆ ಕಾಯಬೇಕು. ಒಂದು ಚೂರನ್ನು ಉಂಡೆ ಮಾಡಿ ಗ್ಲೌಸಿನ ಕೈಯಲ್ಲಿ ಹಿಡಿದುಕೊಂಡೆ. ಮೈಯೊಳಗಿನದು ಗಟ್ಟಿಯಾಯಿತಾ ಅಂತ ಅಂದಾಜಿಸಲು ನಮಗಿರುವ ಅಳತೆ ಅದು. ಅರಿವಳಿಕೆ ಕೊಡುವ ಮೇಡಂಗೆ "ಸಿಮೆಂಟ್ ಹೋಗ್ತಿದೆ" ಅಂತ ಹೇಳಿದೆವು. ಈ ಹೊತ್ತಲ್ಲಿ ಬಿಪಿ ಇಳಿಯಬಹುದು. ಒಂದು ತುಣುಕು ಸಿರೆ ಸೇರಿ ಶ್ವಾಸಕೋಶದವರೆಗೂ ಹೋಗಬಹುದು.

ಸ್ಕ್ರೂ ಒಂದಕ್ಕೆ ಒಂದೂವರೆ ಎಂಎಲ್ ಆಸುಪಾಸು. ಆರನೆಯ ಸ್ಕ್ರೂನಲ್ಲಿ ಒಂದು ತೆಳು ಕಪ್ಪು ಗೆರೆ ಹಿಂದಕ್ಕೆ ಹರಿಯುವಂತೆ ಕಂಡಿತು. ಸರ್ ತಕ್ಷಣ ನಿಲ್ಲಿಸಿದರು. ಯಾರೂ ಮಾತಾಡಲಿಲ್ಲ. ಅರ್ಧ ನಿಮಿಷ ಬಿಟ್ಟು ನೋಡಿದಾಗ ಗೆರೆ ಅಲ್ಲೇ ನಿಂತಿತ್ತು. ಅಲ್ಲಿಗೆ ಇನ್ನು ಹಾಕುವುದೇ ಬೇಡ ಅಂದರು. ಆ ಸಂಯಮ ನನಗೆ ತುಂಬಾ ಇಷ್ಟವಾಗುತ್ತದೆ. ಕೈಯಲ್ಲಿದ್ದ ಉಂಡೆ ಬಿಸಿಯಾಯಿತು, ಆಮೇಲೆ ಕಲ್ಲಾಯಿತು. ಅದಾದ ಮೇಲೇ ರಾಡ್ ಬಿಗಿದರು.

ಇದೇ ಸಿಮೆಂಟನ್ನು 1984ರಲ್ಲಿ ಫ್ರಾನ್ಸಿನ ಅಮಿಯಾನ್ ಊರಿನಲ್ಲಿ ಗಲಿಬೇರ್ ಮತ್ತು ದೆರಾಮೊಂದ್ ಅನ್ನುವ ವೈದ್ಯರು ಮೊದಲ ಸಲ ಸೂಜಿಯಲ್ಲಿ ಕತ್ತಿನ ಮಣಿಯೊಳಗೆ ತುಂಬಿದ್ದರಂತೆ. ಸೊಂಟದ ಕೀಲು ಕೂರಿಸಲು ಅದಕ್ಕಿಂತ ಎಷ್ಟೋ ಮೊದಲಿನಿಂದ ಬಳಕೆಯಲ್ಲಿತ್ತು.

ನನಗೆ ಬೇಜಾರಾಗಿದ್ದು ಹಳೇ ಫೈಲ್ ನೋಡಿ. ಹತ್ತು ವರ್ಷದ ಹಿಂದೆ ಇದೇ ಅಜ್ಜಿ ನಿಂತಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಹಾಕಿ ಕಳಿಸಿದರು, ಮೂಳೆಯ ಪರೀಕ್ಷೆ ಮಾಡಿಸಿ ಅಂತ ಯಾರೂ ಹೇಳಲಿಲ್ಲ. ಆಮೇಲೆ ಬೆನ್ನು ಬಾಗಿತು, ಎತ್ತರ ಕಮ್ಮಿಯಾಯಿತು. ವಯಸ್ಸಾಯಿತಲ್ಲ ಅಂತ ಮನೆಯವರೂ ಸುಮ್ಮನಾದರು. ಅಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿದಾಗಲೇ ಔಷಧಿ ಶುರು ಮಾಡಬೇಕಿತ್ತು ಅಲ್ವಾ?

ಸಂಜೆ ಅಜ್ಜಿಯ ಸೊಸೆ ಕೇಳಿದರು, "ಸಿಮೆಂಟ್ ಹಾಕೀರಲ್ರೀ, ಮತ್ತೆ ದಿನಾ ಇಂಜೆಕ್ಷನ್ ಯಾಕೆ?"

"ಸಿಮೆಂಟ್ ಸ್ಕ್ರೂ ಇರುವ ಕಡೆ ಮಾತ್ರ ಅಮ್ಮಾ. ಅದರ ಮೇಲಿನ ಮಣಿ, ಕೆಳಗಿನ ಮಣಿ, ತೊಡೆ ಮೂಳೆ ಎಲ್ಲ ಹಾಗೇ ಇವೆ," ಅಂದೆ. ಬರೆದುಕೊಟ್ಟಿರುವುದು ಟೆರಿಪಾರಟೈಡ್, ಹೊಸ ಮೂಳೆ ಕಟ್ಟಿಸುವ ಔಷಧಿ. ಅದು ಮುಗಿದ ಮೇಲೆ, ಕಟ್ಟಿದ್ದು ಸವೆಯದಂತೆ ಇನ್ನೊಂದು ಔಷಧಿ ಬೇಕು.

ಆ ಇಂಜೆಕ್ಷನ್ ಪೆನ್ ಇಡಲು ಮನೆಯಲ್ಲಿ ಫ್ರಿಜ್ ಇದೆಯಾ ಅಂತ ಕೇಳಿದೆ. ಪಕ್ಕದ ಮನೆಯಲ್ಲಿದೆ ಅಂದರು. ಪೆನ್ ಫ್ರೀಜರಿನಲ್ಲಿ ಇಡಬೇಡಿ, ಮೊದಲ ಸಲ ಚುಚ್ಚಿ 28 ದಿನ ಆದ ಮೇಲೆ ಔಷಧಿ ಉಳಿದಿದ್ದರೂ ಬಿಸಾಡಿ ಅಂತ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದುಕೊಟ್ಟೆ.