ವಾಂಡಲ್‌ಬರಿಯ ಲಾಯದಿಂದ ನ್ಯೂಮಾರ್ಕೆಟ್‌ಗೆ

ಕೇಂಬ್ರಿಜ್‌ನಿಂದ ಹೇವರಿಲ್ ಕಡೆಗೆ ಹೋಗುವ ಬಸ್ಸು ಊರಂಚಿನ ದೊಡ್ಡ ಆಸ್ಪತ್ರೆಯನ್ನು ದಾಟಿದ ಮೇಲೆ ನಿಧಾನವಾಗಿ ಏರತೊಡಗುತ್ತದೆ. ಇಂಗ್ಲೆಂಡಿನ ಈ ಪೂರ್ವ ಭಾಗವೆಲ್ಲ ಬಯಲು ಸೀಮೆಯಾದ್ದರಿಂದ, ನಮ್ಮ ಮಲೆನಾಡಿನವರು ದಿಬ್ಬವೆನ್ನಲೂ ಹಿಂಜರಿಯುವಂಥ ಎತ್ತರಕ್ಕೆ ಇಲ್ಲಿ ಗಾಗ್ ಮೇಗಾಗ್ ಬೆಟ್ಟಗಳೆಂಬ ಭಾರಿ ಹೆಸರಿದೆ. ಇವುಗಳ ನೆತ್ತಿಯಲ್ಲಿರುವ ವಾಂಡಲ್‌ಬರಿ ಎಂಬ ಉದ್ಯಾನಕ್ಕೆ ಜನ ಬರುವುದು ಸಾಮಾನ್ಯವಾಗಿ ಕಬ್ಬಿಣ ಯುಗದ ಕೋಟೆಯ ವೃತ್ತಾಕಾರದ ಕಂದಕದ ಸುತ್ತ ನಡೆಯುವುದಕ್ಕೆ ಅಥವಾ ನಾಯಿಗಳನ್ನು ಅಡ್ಡಾಡಿಸುವುದಕ್ಕೆ. ನಾನು ಹೋದದ್ದು ಒಂದು ಕುದುರೆಯ ಸಮಾಧಿಯನ್ನು ನೋಡುವುದಕ್ಕೆ.

ಕೋಟೆಯ ವೃತ್ತದೊಳಗೆ ಗೊಡಾಲ್ಫಿನ್ ಪ್ರಭುಗಳ ಬಂಗಲೆಯಿತ್ತು. ಅದನ್ನು 1950ರ ದಶಕದಲ್ಲಿ ಕೆಡವಿದರು. ಕುದುರೆ ಲಾಯ ಮಾತ್ರ ಉಳಿಯಿತು. ಇಟ್ಟಿಗೆಯ ಆ ಉದ್ದನೆಯ ಕಟ್ಟಡದ ನಡುವೆ ಒಂದು ಕಮಾನು, ಮೇಲೆ ಗಡಿಯಾರವುಳ್ಳ ಪುಟ್ಟ ಗೋಪುರ. ಕಮಾನಿನ ಕೆಳಗೆ, ಹೋಗಿ ಬರುವವರ ದಾರಿಯಲ್ಲೇ, ಗೊಡಾಲ್ಫಿನ್ ಅರೇಬಿಯನ್‌ನ ಹಾಸುಗಲ್ಲಿದೆ. ಆತ ಸತ್ತದ್ದು 1753ರ ಕ್ರಿಸ್‌ಮಸ್ ದಿನ, ಸುಮಾರು ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ. ಕಲ್ಲಿನ ಅಂಚು ಸವೆದಿದೆ. ಸುತ್ತ ಯಾವ ಕಟಕಟೆಯೂ ಇಲ್ಲ. ನಾನು ನಿಂತಿದ್ದಾಗಲೇ ಇಬ್ಬರು ಮಕ್ಕಳು ಕೆಸರು ಬೂಟಿನಲ್ಲಿ ಅದರ ಮೇಲೆ ನಡೆದುಹೋದರು. ಇಂದು ಜಗತ್ತಿನ ರೇಸ್ ಮೈದಾನಗಳಲ್ಲಿ ಓಡುವ, ಥರೋಬ್ರೆಡ್ ಎಂಬ ರೇಸ್ ತಳಿಯ ಪ್ರತಿಯೊಂದು ಕುದುರೆಯ ಮೈಯಲ್ಲೂ ಈ ಕಲ್ಲಿನಡಿಯ ಪ್ರಾಣಿಯ ರಕ್ತವಿದೆ ಎಂಬ ಮಾತು ಉತ್ಪ್ರೇಕ್ಷೆಯಲ್ಲ.

ಆತ ಹುಟ್ಟಿದ್ದು ಸುಮಾರು 1724ರಲ್ಲಿ. ಟ್ಯೂನಿಸ್‌ನ ಬೇ, ಎಂದರೆ ಅಲ್ಲಿನ ಆಳರಸ, ಫ್ರಾನ್ಸಿನ ದೊರೆಗೆ ಕಳಿಸಿದ ಉಡುಗೊರೆಯಲ್ಲಿ ಆತನೂ ಒಬ್ಬನೆಂಬುದು ಪ್ರತೀತಿ. ಅಲ್ಲಿಂದ ಎಡ್ವರ್ಡ್ ಕೋಕ್ ಎಂಬಾತ ಇಂಗ್ಲೆಂಡಿಗೆ ತಂದು, ಡರ್ಬಿಶೈರ್‌ನ ಲಾಂಗ್‌ಫರ್ಡ್ ಹಾಲ್‌ನಲ್ಲಿದ್ದ ತನ್ನ ಲಾಯದಲ್ಲಿ ಕಟ್ಟಿದ. 1733ರಲ್ಲಿ ಕೋಕ್ ತೀರಿಕೊಂಡ ಮೇಲೆ ಕುದುರೆ ಲಂಡನ್ನಿನ ಕಾಫಿ ಹೌಸ್ ಒಂದರ ಮಾಲೀಕನ ಕೈಸೇರಿ, ಕೊನೆಗೆ ಗೊಡಾಲ್ಫಿನ್ ಪ್ರಭುವಿನ ಪಾಲಾಗಿ ಈ ಬೆಟ್ಟಕ್ಕೆ ಬಂತು. ಪ್ಯಾರಿಸ್ಸಿನ ಬೀದಿಗಳಲ್ಲಿ ಆತ ನೀರಿನ ಗಾಡಿ ಎಳೆಯುತ್ತಿದ್ದನೆಂಬ ಕಥೆಗೆ ಆಧಾರವಿಲ್ಲ. ಇನ್ನೊಂದು ಕಥೆ ಇದಕ್ಕಿಂತ ಜನಪ್ರಿಯ. ಹೆಣ್ಣು ಕುದುರೆ ಬೆದೆಗೆ ಬಂದಿದೆಯೇ ಎಂದು ಪರೀಕ್ಷಿಸುವುದಕ್ಕಷ್ಟೇ ಆತನನ್ನು ಇಟ್ಟುಕೊಂಡಿದ್ದರಂತೆ. ರೊಕ್ಸಾನಾ ಎಂಬ ಹೆಣ್ಣನ್ನು ಹಾಬ್‌ಗಾಬ್ಲಿನ್ ಎಂಬ ಗಂಡಿಗೆ ಕೊಡಿಸಲು ತಂದಾಗ, ಈ ಪರದೇಶಿ ಕಟ್ಟು ಬಿಚ್ಚಿಕೊಂಡು ಕಾದಾಡಿ ಆಕೆಯನ್ನು ಗೆದ್ದನಂತೆ. ಹಾಗೆ ಹುಟ್ಟಿದ ಮರಿಯೇ ಲ್ಯಾಥ್. ಕಥೆ ಹೇಳುವವರು ಈ ಕಾದಾಟವನ್ನು ಇದೇ ಗಾಗ್ ಮೇಗಾಗ್ ಬೆಟ್ಟದ ಮೇಲೆ ನಡೆಸುತ್ತಾರೆ. ಆದರೆ ಲ್ಯಾಥ್ ಹುಟ್ಟಿದ್ದು 1732ರಲ್ಲಿ, ಕೋಕ್ ಇನ್ನೂ ಬದುಕಿದ್ದಾಗ. ಬೆಟ್ಟಕ್ಕೆ ಕಥೆಯನ್ನು ಆಮೇಲೆ ಯಾರೋ ಹೊತ್ತು ತಂದಿದ್ದಾರೆಂಬುದು ನನ್ನ ಊಹೆ.

ಕಥೆಗಿಂತ ದಾಖಲೆಯೇ ಸ್ವಾರಸ್ಯಕರವಾಗಿದೆ. ಗೊಡಾಲ್ಫಿನ್ ಅರೇಬಿಯನ್ ಇಂಗ್ಲೆಂಡಿನಲ್ಲಿ ಒಂದು ರೇಸನ್ನೂ ಓಡಿದವನಲ್ಲ. ಆತನ ಯೋಗ್ಯತೆ ಗೊತ್ತಾದದ್ದು ಮರಿಗಳು ಓಡತೊಡಗಿದ ಮೇಲೆ. ಹಿಂದಿನ ಹೆಸರಾಂತ ಓಟದ ಕುದುರೆ ಫ್ಲೈಯಿಂಗ್ ಚೈಲ್ಡರ್ಸ್‌ನ ನಂತರ ಇಂಥ ಕುದುರೆ ಬಂದಿರಲಿಲ್ಲವೆಂದು ಲ್ಯಾಥ್‌ನನ್ನು ಆ ಕಾಲದವರು ಹೊಗಳಿದರು. 1734ರಲ್ಲಿ ಹುಟ್ಟಿದ ಕೇಡ್, ಲ್ಯಾಥ್‌ನ ಒಡಹುಟ್ಟಿದವನು. ಆತನನ್ನು ಹೆತ್ತ ಕೆಲವೇ ದಿನಗಳಲ್ಲಿ ರೊಕ್ಸಾನಾ ಸತ್ತಳು. ಮರಿಯನ್ನು ಹಸುವಿನ ಹಾಲು ಕುಡಿಸಿ ಬದುಕಿಸಿದರು. ಓಟದಲ್ಲಿ ಕೇಡ್ ಅಣ್ಣನ ಸಮಕ್ಕೆ ಬರಲಿಲ್ಲ, ಆದರೆ 1748ರಲ್ಲಿ ಅವನಿಗೆ ಹುಟ್ಟಿದ ಮ್ಯಾಚೆಮ್‌ನಿಂದಲೇ ಅಜ್ಜನ ಗಂಡುಸಾಲು ಮುಂದುವರಿಯಿತು. ಅಮೆರಿಕದ ಪ್ರಸಿದ್ಧ ಮ್ಯಾನ್ ಓ ವಾರ್ ಇದೇ ಸಾಲಿನವನು.

ಮರುದಿನ ಬೆಳಿಗ್ಗೆ ನ್ಯೂಮಾರ್ಕೆಟ್‌ಗೆ ಹೋದೆ. ಕೇಂಬ್ರಿಜ್‌ನಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ದೂರದ ಈ ಪುಟ್ಟ ಊರಿನಲ್ಲಿ ಸುಮಾರು 3,000 ರೇಸ್ ಕುದುರೆಗಳು ತರಬೇತಿಯಲ್ಲಿರುತ್ತವೆ. ರಸ್ತೆ ದಾಟುವಲ್ಲಿ ಸವಾರರ ಕೈಗೆಟುಕುವ ಎತ್ತರದಲ್ಲಿ ಸಿಗ್ನಲ್ ಗುಂಡಿಗಳಿವೆ, ಕಾರುಗಳು ತಾವಾಗಿ ನಿಂತು ದಾರಿ ಬಿಡುತ್ತವೆ. ವಾರನ್ ಹಿಲ್‌ನ ಏರಿನಲ್ಲಿ ಬೆಳಗಿನ ಅಭ್ಯಾಸ ನೋಡುತ್ತ ನಿಂತೆ. ಕಂದು ಕುದುರೆಗಳ ಸಾಲೊಂದು ಮೇಲೇರಿ ಬಂದಾಗ ಗೊರಸಿನ ಸದ್ದಿಗಿಂತ ಮೊದಲು ಕೇಳಿಸಿದ್ದು ಉಸಿರಿನ ಸದ್ದು. ಪ್ರತಿ ನೆಗೆತಕ್ಕೂ ಒಂದು ಉಸಿರು, ತಾಳ ತಪ್ಪದೆ. ಕಡಿವಾಣದ ಅಂಚಿನಲ್ಲಿ ನೊರೆ, ತೊಡೆಯ ಒಳಭಾಗದಲ್ಲಿ ಉಬ್ಬಿದ ನರಗಳು. ನಮ್ಮ ಕುಣಿಗಲ್ ಸ್ಟಡ್ ಫಾರ್ಮ್‌ನ ಹುಲ್ಲುಗಾವಲಿನಲ್ಲಿ ಮರಿ ಹಾಕುವ ಥರೋಬ್ರೆಡ್‌ಗಳೂ ಬೆಂಗಳೂರಿನಲ್ಲಿ ಓಡುವವೂ ಈ ಕುದುರೆಗಳ ನೆಂಟರೇ. ವಿಜಯನಗರದ ಅರಸರು ಹಾರ್ಮುಜ್‌ನಿಂದ ಭಟ್ಕಳ, ಗೋವೆಗಳ ಮೂಲಕ ಕುದುರೆಗಳನ್ನು ಅಪಾರ ಹಣ ಸುರಿದು ತರಿಸುತ್ತಿದ್ದರು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆ ವ್ಯಾಪಾರಿಗಳೂ ಕುದುರೆಗಳೂ ಇಂದಿಗೂ ಇವೆ. ಅಲ್ಲಿ ಕುದುರೆ ಬಂದದ್ದು ಯುದ್ಧಕ್ಕೆ. ಇಲ್ಲಿ ಬೆರಳೆಣಿಕೆಯ ಗಂಡುಗಳನ್ನು ತಂದು, ಯಾವ ಹೆಣ್ಣಿಗೆ ಯಾವ ಗಂಡಿನಿಂದ ಯಾವ ವರ್ಷ ಮರಿಯಾಯಿತೆಂದು ತಪ್ಪದೆ ಬರೆದಿಟ್ಟರು. ತಳಿಯೊಂದು ರೂಪುಗೊಂಡದ್ದು ಕುದುರೆಯಿಂದ ಎಷ್ಟೋ ಅಷ್ಟೇ ಈ ಬರವಣಿಗೆಯಿಂದ.

ಗೊಡಾಲ್ಫಿನ್‌ನ ಚಿತ್ರಗಳನ್ನು ನೋಡಿದವರ ಕಣ್ಣು ಮೊದಲು ನಿಲ್ಲುವುದು ಆತನ ಕುತ್ತಿಗೆಯ ಮೇಲೆ: ಗೂಳಿಯ ಹಿಣಿಲಿನಂತೆ ಎದ್ದ ಭಾರಿ ಏರು, ಅದರ ಮುಂದೆ ಚಿಕ್ಕ ತಲೆ. ಎತ್ತರ ಈಗಿನ ರೇಸ್ ಕುದುರೆಗಿಂತ ಕಡಿಮೆ. ಆತ ಅರಬ್ಬಿಯೋ ಉತ್ತರ ಆಫ್ರಿಕಾದ ಬಾರ್ಬ್ ತಳಿಯವನೋ ಎಂಬ ಜಗಳ ಆ ಕುತ್ತಿಗೆಯಿಂದಲೇ ಹುಟ್ಟಿದ್ದು, ಇನ್ನೂ ತೀರಿಲ್ಲ.

ಥರೋಬ್ರೆಡ್‌ಗೆ ಮೂವರು ಮೂಲಪುರುಷರೆಂದು ಎಲ್ಲರೂ ಹೇಳುತ್ತಾರೆ: ಬೈಯರ್ಲಿ ಟರ್ಕ್, 1704ರಲ್ಲಿ ಅಲೆಪ್ಪೊದಿಂದ ಬಂದ ಡಾರ್ಲಿ ಅರೇಬಿಯನ್, ಮತ್ತು ಇವನು. ತಂದೆಯಿಂದ ಮಗನಿಗೆ ಎಂದು ಎಣಿಸಿದರೆ ಇಂದಿನ ಗಂಡು ಥರೋಬ್ರೆಡ್‌ಗಳಲ್ಲಿ ನೂರಕ್ಕೆ ಸುಮಾರು 95 ಡಾರ್ಲಿ ಅರೇಬಿಯನ್‌ಗೇ ಸೇರುತ್ತವೆ. ಹಾಗಾಗಿ ಗೊಡಾಲ್ಫಿನ್ ಸೋತನೆಂದು ಬರೆಯುವವರುಂಟು. ಆದರೆ ಗಂಡುಸಾಲಿನ ಲೆಕ್ಕವನ್ನು ಬಿಟ್ಟು, ವಂಶಾವಳಿಯ ಎಲ್ಲ ಕೊಂಬೆಗಳನ್ನೂ ಹಿಡಿದು ಲೆಕ್ಕ ಹಾಕಿದ ಸಂಶೋಧಕರಿಗೆ ಸಿಕ್ಕಿದ್ದೇ ಬೇರೆ: ಇಂದಿನ ಥರೋಬ್ರೆಡ್‌ನ ಅನುವಂಶಿಕ ಪಾಲಿನಲ್ಲಿ ಗೊಡಾಲ್ಫಿನ್‌ನದು ಸುಮಾರು 14 ಶೇಕಡಾ, ಡಾರ್ಲಿಯದು ಅದರ ಅರ್ಧಕ್ಕೂ ಕಡಿಮೆ. ಇದಕ್ಕೆ ಕಾರಣ ಹೆಣ್ಣುಮಕ್ಕಳು. 18 ರೇಸ್ ಓಡಿ ಒಂದರಲ್ಲೂ ಸೋಲದ ಎಕ್ಲಿಪ್ಸ್, ಡಾರ್ಲಿ ಸಾಲಿನ ಕಿರೀಟವೆಂದು ಹೆಸರಾದವನು. ಆತನ ತಾಯಿ ಸ್ಪಿಲೆಟಾ, ಅವಳ ತಂದೆ ರೆಗ್ಯುಲಸ್, ರೆಗ್ಯುಲಸ್‌ನ ತಂದೆ ವಾಂಡಲ್‌ಬರಿಯ ಕಮಾನಿನ ಕೆಳಗಿರುವವನು. ಡಾರ್ಲಿಯ ಕೀರ್ತಿ ಹರಡಿದಲ್ಲೆಲ್ಲ ಗೊಡಾಲ್ಫಿನ್ ತಾಯಿಯ ಕಡೆಯಿಂದ ಜೊತೆಗೆ ಹೋಗಿದ್ದಾನೆ.

ಇಂಗ್ಲೆಂಡಿನ ಕುದುರೆಗಳ ವಂಶಾವಳಿಯಾದ ಜನರಲ್ ಸ್ಟಡ್ ಬುಕ್ 1791ರಿಂದ ಅಚ್ಚಾಗುತ್ತ ಬಂದಿದೆ. ಗಂಡುಗಳ ಹೆಸರಿನಲ್ಲಿ ವ್ಯವಹಾರ ನಡೆಯುವ ಈ ಲೋಕದ ಮೂಲ ಗ್ರಂಥ ಹೆಣ್ಣು ಕುದುರೆಗಳ ಹೆಸರಿನಡಿ ಜೋಡಣೆಯಾಗಿದೆ. ಒಬ್ಬೊಬ್ಬಳ ಕೆಳಗೆ ಅವಳ ಮರಿಗಳು, ವರ್ಷದ ಪಕ್ಕದಲ್ಲಿ ತಂದೆಯ ಹೆಸರು. ರೊಕ್ಸಾನಾಳ ಮರಿಗಳಲ್ಲಿ 1732ರ ಲ್ಯಾಥ್ ಮತ್ತು 1734ರ ಕೇಡ್ ಗೊಡಾಲ್ಫಿನ್ ಅರೇಬಿಯನ್‌ನ ಮಕ್ಕಳು; ನಡುವಿನ 1733ರ ರೌಂಡ್‌ಹೆಡ್, ಡಾರ್ಲಿ ಅರೇಬಿಯನ್‌ನ ಮಗ ಫ್ಲೈಯಿಂಗ್ ಚೈಲ್ಡರ್ಸ್‌ಗೆ ಹುಟ್ಟಿದವನು.