ಸಿಗಡಿ ಉಪ್ಪಿನಕಾಯಿ: ಮೂರು ಭರಣಿಗಳ ದಿನಚರಿ

ಮೇ 4

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ ದಿನಗಳ ಗಂಜಿಗೆ ನೆಂಜಿಕೊಳ್ಳಲು ನಮ್ಮ ಮನೆಯಲ್ಲಿ ಇಷ್ಟು ವರ್ಷ ಒಣಮೀನು ಮತ್ತು ಒಣ ಸಿಗಡಿಯ ಚಟ್ನಿ ಇರುತ್ತಿತ್ತು. ಈ ಸಲ ಸಿಗಡಿಯನ್ನೇ ಉಪ್ಪಿನಕಾಯಿ ಹಾಕೋಣವೆಂದು ಬೆಳಿಗ್ಗೆ ಮಲ್ಪೆಗೆ ಹೋಗಿ ಒಂದು ಕಿಲೋ ತಂದೆ. ಮಾರುತ್ತಿದ್ದಾಕೆ ದೊಡ್ಡದನ್ನು ಆರಿಸುತ್ತಿದ್ದ ನನ್ನ ಕೈ ತಡೆದು, "ಉಪ್ಪಿನಕಾಯಿಗೆ ಆ ಎಟ್ಟಿ ಬೇಡ ಅಕ್ಕಾ, ಒಳಗೆ ಹುಳಿ ಹಿಡಿಯುವುದಿಲ್ಲ" ಎಂದು ಮಧ್ಯಮ ಗಾತ್ರದ್ದನ್ನು ತೂಗಿಕೊಟ್ಟರು. ಆ ಮಾತಿನ ಪೂರ್ಣ ಅರ್ಥ ನನಗೆ ತಿಳಿದದ್ದು ಒಂದು ತಿಂಗಳ ಬಳಿಕ.

ತಲೆಯಲ್ಲಿರುವ ಜೀರ್ಣರಸ ಮಾಂಸವನ್ನು ಬೇಗ ಮೆತ್ತಗಾಗಿಸುವುದರಿಂದ ಮೊದಲು ಎಲ್ಲದರ ತಲೆ ಕಿತ್ತು, ಆಮೇಲೆ ಚಿಪ್ಪು ಸುಲಿದು, ಬೆನ್ನಿನ ಕಪ್ಪು ನರ ತೆಗೆದೆ. ಒಂದು ಕಿಲೋದಲ್ಲಿ ಉಳಿದದ್ದು 560 ಗ್ರಾಂ. ಉಪ್ಪು, ಅರಿಶಿನ ಸವರಿ ಒಂದು ಗಂಟೆ ಇಟ್ಟು, ಹಿಂಡಿ, ತೆಂಗಿನೆಣ್ಣೆಯಲ್ಲಿ ಕರಿದೆ. ಬ್ಯಾಡಗಿ ಮೆಣಸು, ಸಾಸಿವೆ, ಮೆಂತೆ, ಜೀರಿಗೆ, ಬೆಳ್ಳುಳ್ಳಿಗಳನ್ನು ಸ್ವಲ್ಪ ನೀರು ಸೇರಿಸಿ ಅರೆದು, ಎಣ್ಣೆಯಲ್ಲಿ ಬಾಡಿಸಿ, ಎರಡು ಚಮಚ ವಿನೆಗರ್ ಬೆರೆಸಿದೆ. ಬಣ್ಣ ಬಹಳ ಚೆನ್ನಾಗಿ ಬಂತು. ಅದು ಬ್ಯಾಡಗಿಯದು ಮಾತ್ರವಲ್ಲ. ಹಸಿ ಸಿಗಡಿಯಲ್ಲಿ ಪ್ರೋಟೀನಿನ ಹಿಡಿತದಲ್ಲಿ ಅಡಗಿರುವ ಕೆಂಪು ವರ್ಣದ್ರವ್ಯ ಬಿಸಿ ತಗುಲಿದೊಡನೆ ಬಿಡುಗಡೆಯಾಗುತ್ತದೆ, ಎಣ್ಣೆಯಲ್ಲಿ ಕರಗುತ್ತದೆ ಕೂಡ. ಭರಣಿಗೆ ತುಂಬಿಸಿ ಅಡುಗೆಮನೆಯ ಮೂಲೆಯಲ್ಲಿಟ್ಟೆ.

ಮೇ 19

ಮೊದಲನೆಯ ಭರಣಿ ಹೋಯಿತು. ಮುಚ್ಚಳ ತೆರೆದಾಗ ಎಣ್ಣೆಯಿಂದ ಮೇಲೆ ತಲೆ ಎತ್ತಿದ್ದ ನಾಲ್ಕೈದು ಸಿಗಡಿಗಳ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಚಮಚ ಹಾಕಿದಾಗ ತಳದಿಂದ ಸಣ್ಣ ಗುಳ್ಳೆಗಳು ಎದ್ದು ಬಂದವು. ಬೂಷ್ಟು ತೆಗೆದು ಕೆಳಗಿನದನ್ನು ಬಳಸಬಹುದೆಂಬ ಸಲಹೆ ಮನೆಯಲ್ಲಿಯೇ ಬಂತಾದರೂ ನಾನು ರುಚಿ ಕೂಡ ನೋಡದೆ ಅಷ್ಟನ್ನೂ ಹೊಂಡ ತೋಡಿ ಹೂತೆ. ಮಾವಿನ ಮಿಡಿಯನ್ನು ಕಾಪಾಡುವುದಕ್ಕೆ ಉಪ್ಪಿನ ಜತೆಗೆ ಅದರದೇ ಹುಳಿಯೂ ಇರುತ್ತದೆ; ಸಿಗಡಿಗೆ ಸ್ವಂತದ ಹುಳಿ ಇಲ್ಲ, ಇರುವುದೆಲ್ಲ ನೀರು ಮತ್ತು ಪ್ರೋಟೀನು. ಮಿಡಿಯ ಧೈರ್ಯದಲ್ಲಿ ಸಿಗಡಿಯನ್ನು ಭರಣಿಗೆ ಹಾಕಿದ್ದು ನನ್ನ ತಪ್ಪು.

ಗುಳ್ಳೆಗಿಂತ ಹೆಚ್ಚು ಭಯಪಡಬೇಕಾದದ್ದು ಕಣ್ಣಿಗೆ ಕಾಣದ ಇನ್ನೊಂದಿದೆ. ಎಣ್ಣೆಯ ಅಡಿಯಲ್ಲಿ ಗಾಳಿ ಇರುವುದಿಲ್ಲ. ಗಾಳಿಯಿಲ್ಲದ, ಹುಳಿ ಸಾಲದ, ತೇವವಿರುವ ಜಾಗದಲ್ಲಿ ಬಾಟುಲಿನಮ್ ಎಂಬ ಬ್ಯಾಕ್ಟೀರಿಯ ಬೆಳೆದು ವಿಷ ಉಂಟುಮಾಡಬಲ್ಲದು, ಮತ್ತು ಆ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇರಬೇಕೆಂದಿಲ್ಲ. ಆಮ್ಲೀಯತೆಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಆದ್ದರಿಂದ ಇನ್ನು ಮುಂದೆ ಮೂಗಿನ ಪರೀಕ್ಷೆಯನ್ನು ಬಿಟ್ಟು ಅಳತೆಯನ್ನೇ ನಂಬುವುದೆಂದು ನಿರ್ಧರಿಸಿದ್ದೇನೆ.

ಮೇ 23

ಎರಡನೆಯ ಪ್ರಯತ್ನದಲ್ಲಿ ನೀರಿನ ಮೇಲಿನ ಸಿಟ್ಟನ್ನೆಲ್ಲ ಸಿಗಡಿಯ ಮೇಲೆ ತೀರಿಸಿಕೊಂಡಂತಾಯಿತು. ಅಷ್ಟೇ ತೂಕದ ಸಿಗಡಿಯನ್ನು 190 ಗ್ರಾಂಗೆ ಇಳಿಯುವವರೆಗೆ ಕರಿದದ್ದರಿಂದ ಅದು ಹಲ್ಲಿಗೆ ಸಿಗದಷ್ಟು ಗಟ್ಟಿಯಾಯಿತು. ವಿನೆಗರಿನ ವಾಸನೆ ಅತ್ತೆಯವರಿಗೆ ಆಗದೆಂದು ಹುಳಿಗೆ ಲಿಂಬೆರಸ ಹಾಕಿದ್ದೆ. ತೆಂಗಿನೆಣ್ಣೆಯೂ ಸರಿಹೋಗಲಿಲ್ಲ, ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ, ಫ್ರಿಜ್ಜಿನಿಂದ ತೆಗೆದ ಬಾಟಲಿಯಲ್ಲಿ ಸಿಗಡಿಗಳು ಮೇಣದಲ್ಲಿ ಹೂತಂತೆ ಕುಳಿತಿದ್ದವು.

ಪಿಎಚ್ ಕಾಗದದಿಂದ ಅಳೆಯಲು ಹೋದದ್ದು ಇನ್ನೊಂದು ಪೇಚಾಟ. ಬಣ್ಣ ಬದಲಾಗುವುದನ್ನು ನೋಡಿ ಅಂಕಿ ಹೇಳಬೇಕಾದ ಆ ಪಟ್ಟಿಯನ್ನು ಅದ್ದಿದ ಕ್ಷಣವೇ ಬ್ಯಾಡಗಿ ಮೆಣಸು ಅದಕ್ಕೆ ತನ್ನದೇ ಕೆಂಪು ಬಳಿದು ಮುಗಿಸಿತ್ತು. ಒರೆಸಿದೆ, ತೊಳೆದೆ, ಹೊಸ ಪಟ್ಟಿ ತೆಗೆದೆ. ಆರು ಪಟ್ಟಿಗಳೂ ಒಂದೇ ಬಣ್ಣದಲ್ಲಿ ಸಾಲಾಗಿ ಮಲಗಿದವು. ಕೊನೆಗೆ ಕುಂದಾಪುರದ ಕಡೆ ಸಿಗಡಿ ಕೆರೆ ಮಾಡುತ್ತಿರುವ ಭಾವನವರಿಂದ ಅವರ ಡಿಜಿಟಲ್ ಮೀಟರನ್ನು ಕೇಳಿ ತಂದೆ. ಜೀವಂತ ಸಿಗಡಿಗೆ ಕೆರೆಯ ನೀರು ಕ್ಷಾರದ ಕಡೆಗೆ, ಸುಮಾರು 8ರ ಆಸುಪಾಸಿನಲ್ಲಿ, ಇರಬೇಕೆಂದು ಅವರು ವರ್ಷವಿಡೀ ನೋಡುತ್ತಿರುವ ಉಪಕರಣದಲ್ಲಿಯೇ ನಾನು ಸತ್ತ ಸಿಗಡಿಯ ಹುಳಿ ನೋಡಬೇಕಾಗಿ ಬಂದದ್ದಕ್ಕೆ ಅವರು ಫೋನಿನಲ್ಲಿ ಬಹಳ ಹೊತ್ತು ನಕ್ಕರು.

4 ಮತ್ತು 7ರ ದ್ರಾವಣಗಳಲ್ಲಿ ಮೀಟರನ್ನು ಸರಿಹೊಂದಿಸಿಕೊಂಡು, ಎಣ್ಣೆ ಒರೆಸಿದ ಸಿಗಡಿಯನ್ನು ಸ್ವಲ್ಪ ಡಿಸ್ಟಿಲ್ಡ್ ನೀರಿನಲ್ಲಿ ಅರೆದು ಅಳೆದಾಗ 5.1 ತೋರಿಸಿತು. ನಾಲಿಗೆಗೆ ಸಾಕಷ್ಟು ಹುಳಿ ಎನಿಸಿದ್ದ ಉಪ್ಪಿನಕಾಯಿ ಅದು. ಇಟ್ಟುಕೊಳ್ಳುವ ಆಸೆ ಬಿಟ್ಟು, ಉಳಿದದ್ದನ್ನು ಅಂದೇ ತೆಂಗಿನಕಾಯಿಯ ಜತೆ ಒರಳಿನಲ್ಲಿ ಕುಟ್ಟಿ ಚಟ್ನಿ ಮಾಡಿದೆ. ಚಟ್ನಿಯಾಗಿ ಅದು ಬಹಳ ಒಳ್ಳೆಯದಿತ್ತೆಂದು ಒಪ್ಪಿಕೊಳ್ಳಲೇಬೇಕು.

ಮೇ 30

ಬೋಟು ನಿಲ್ಲಲು ಎರಡೇ ದಿನ. ಹಿಂದಿನ ಎರಡು ಸಲದಷ್ಟೇ ಸಿಗಡಿ ತಂದು, ನೆರೆಮನೆಯ ಬಾಯಮ್ಮನವರ ಕ್ರಮದಲ್ಲಿ ಮಾಡಿದೆ. ಅವರ ಮನೆಯಲ್ಲಿ ಮಸಾಲೆಗೆ ನೀರಿನ ಹನಿಯೂ ಸೋಕುವುದಿಲ್ಲ, ಅರೆಯುವುದೇ ವಿನೆಗರಿನಲ್ಲಿ. ಹಸಿ ಬೆಳ್ಳುಳ್ಳಿ, ಶುಂಠಿಗಳನ್ನು ಹಾಗೆಯೇ ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಬಾಟುಲಿನಮ್‌ಗೆ ಅವೂ ಆಸರೆಯಾಗುತ್ತವೆಂದು ಓದಿದ್ದ ನನಗೆ, ಅವು ಮೊದಲೇ ಹುಳಿಯಲ್ಲಿ ಅರೆದು ಹೋಗುವ ಈ ಪದ್ಧತಿ ಮನಸ್ಸಿಗೆ ಒಪ್ಪಿತು. ಅತ್ತೆಯವರು ಒಂದು ಗಂಟೆ ಚಾವಡಿಯಲ್ಲಿ ಕುಳಿತಿದ್ದರು.

ಸಿಗಡಿಯನ್ನು ನೇರವಾಗಿ ಕರಿಯಲಿಲ್ಲ. ಉಪ್ಪು, ಅರಿಶಿನ ಬೆರೆಸಿ, ದಪ್ಪ ತಳದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಇಟ್ಟಾಗ ಅದು ಐದು ನಿಮಿಷದಲ್ಲಿ ತನ್ನ ನೀರನ್ನು ತಾನೇ ಬಿಟ್ಟು ಅದರಲ್ಲಿಯೇ ಬೇಯತೊಡಗಿತು. ಮೊದಲು ಕುದಿಯುವ ಸದ್ದು, ಆಮೇಲೆ ತಳದಲ್ಲಿ ಉಪ್ಪಿನ ಬಿಳಿ ಅಂಚು, ಕೊನೆಗೆ ಸೌಟು ಆಡಿಸಿದಾಗ ಒಣಗಿದ ಕರಕರ ಸದ್ದು. ಅಲ್ಲಿಗೆ ತೂಕ 330 ಗ್ರಾಂ. ಅನಂತರ ಎಳ್ಳೆಣ್ಣೆಯಲ್ಲಿ ಮೂರು ಸಲವಾಗಿ, ಅಂಚು ಕಂದಾಗಿ ನಡು ಇನ್ನೂ ಬಾಗುವಷ್ಟಕ್ಕೆ ಕರಿದು ತೆಗೆದೆ. ಉಳಿದದ್ದು 260 ಗ್ರಾಂ. ಅದೇ ಎಣ್ಣೆಯಲ್ಲಿ ಸಾಸಿವೆ, ಬೇವಿನಸೊಪ್ಪು ಸಿಡಿಸಿ, ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಹುರಿದೆ. ಕುದಿಸಿದರೆ ಆಮ್ಲ ಆವಿಯಾಗಿ ಸ್ವಲ್ಪ ಕಡಿಮೆಯಾಗುವುದರಿಂದ, 150 ಮಿಲಿ ವಿನೆಗರಿನಲ್ಲಿ ಅರ್ಧವನ್ನು ಅರೆಯಲು ಬಳಸಿ, ಉಳಿದರ್ಧವನ್ನು ಒಲೆಯಿಂದ ಇಳಿಸಿದ ಮೇಲೆ ಸೇರಿಸಿದೆ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿ, ಸಿಗಡಿಯ ಮೇಲೆ ಬೆರಳಗಲ ಎಣ್ಣೆ, ನೇರವಾಗಿ ಫ್ರಿಜ್ಜಿಗೆ.

ಜೂನ್ 3

ಮರುದಿನ ಅಳೆದಾಗ ಮಸಾಲೆ 3.9 ಇದ್ದರೂ ಸಿಗಡಿಯ ಒಳಗಿನ ಭಾಗ 4.9 ತೋರಿಸಿದ್ದರಿಂದ ಎದೆ ಧಸಕ್ಕೆಂದಿತ್ತು. ಇಂದು ಅದೇ ಬಾಟಲಿಯ ಸಿಗಡಿಯ ಒಳಭಾಗ 4.3. ಹುಳಿ ಹೊರಗಿನಿಂದ ಒಳಕ್ಕೆ ನಡೆದು ಹೋಗಲು ದಿನಗಳು ಹಿಡಿಯುತ್ತವೆ. ಮಲ್ಪೆಯ ಆ ಅಕ್ಕ ಸಣ್ಣದನ್ನು ಕೊಟ್ಟದ್ದೇಕೆಂದು ಈಗ ಅರ್ಥವಾಯಿತು.

ಜೂನ್ 21

ಹೊರಗೆ ಬಿಡದ ಮಳೆ. ಕುಚ್ಚಲಕ್ಕಿ ಗಂಜಿಯ ಜತೆ ಮೊದಲ ಬಾರಿ ಬಡಿಸಿದೆ. ವಿನೆಗರಿನ ಚುರುಕು ಇಳಿದು ಮೆಂತೆಯ ಕಹಿ ಹಿನ್ನೆಲೆಗೆ ಸರಿದಿತ್ತು; ಸಿಗಡಿ ಜಗಿಯುವಂತಿದ್ದರೂ ಗಟ್ಟಿಯಿರಲಿಲ್ಲ. ಅತ್ತೆಯವರು ಎರಡನೆಯ ಸಲ ಹಾಕಿಸಿಕೊಂಡರು, ವಿನೆಗರಿನ ಮಾತೆತ್ತಲಿಲ್ಲ. ಉಪ್ಪು ಮಾತ್ರ ಒಂದು ಕಣ ಹೆಚ್ಚಾಗಿದೆ: ಮೊದಲೇ ಸವರಿದ ಉಪ್ಪು ನೀರಿಂಗುವಾಗ ಸಿಗಡಿಯಲ್ಲಿಯೇ ಉಳಿಯುತ್ತದೆಂಬುದನ್ನು ಮರೆತು ಮಸಾಲೆಗೂ ಪೂರ್ತಿ ಅಳತೆ ಹಾಕಿದ್ದೆ.

ಜುಲೈ 12

ಇಂದಿನ ಅಳತೆ 4.2. ಬೂಷ್ಟಿಲ್ಲ, ಗುಳ್ಳೆಯಿಲ್ಲ, ಎಳ್ಳೆಣ್ಣೆ ಫ್ರಿಜ್ಜಿನಲ್ಲಿಯೂ ಹರಿಯುತ್ತದೆ. ಪ್ರತಿ ಸಲ ಒಣ ಚಮಚದಲ್ಲಿ ತೆಗೆದ ಮೇಲೆ ಉಳಿದ ಸಿಗಡಿಯನ್ನು ಎಣ್ಣೆಯೊಳಗೆ ಒತ್ತಿ ಮುಚ್ಚುತ್ತಿದ್ದೇನೆ. ಬಾಟಲಿಯ ಕಾಲು ಭಾಗ ಉಳಿದಿದೆ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಮಸಾಲೆಯ ಉಪ್ಪನ್ನು ಅರ್ಧಕ್ಕಿಳಿಸಿ, ಇನ್ನೂ ಸಣ್ಣ ಸಿಗಡಿಯಲ್ಲಿ ಮಾಡಿ, ಒಳಗಿನ ಪಿಎಚ್ 4.6ಕ್ಕಿಂತ ಕೆಳಗಿಳಿಯಲು ಎಷ್ಟು ದಿನ ಬೇಕೆಂದು ದಿನವೂ ಅಳೆಯಬೇಕು. ಭಾವನವರು ಮೀಟರನ್ನು ಆದಿತ್ಯವಾರದೊಳಗೆ ಕಳಿಸೆಂದಿದ್ದಾರೆ. ಮಳೆನೀರು ಬಿದ್ದು ಅವರ ಕೆರೆಯ ಪಿಎಚ್ ಇಳಿಯುತ್ತಿದೆಯಂತೆ.