6 ಪ್ರತಿ

ಮಡಿಕೇರಿ ಮಳೆಗೆ ಇವತ್ತೂ ಕರೆಂಟ್ ಹೋಯ್ತು. ಅಷ್ಟರೊಳಗೆ ‘ನಾರ್ತ್ ಕಂಟ್ರಿ’ ಸಿನಿಮಾ ಮುಗಿದಿತ್ತು, ಪುಣ್ಯ.

ಅಮೆರಿಕದ ಕಬ್ಬಿಣದ ಗಣಿ. ಜೊತೆಗೆ ದುಡಿಯೋ ಗಂಡಸರ ಕಾಟ. ಕೋರ್ಟಿನಲ್ಲಿ ಒಬ್ಬೊಬ್ಬರೇ ಎದ್ದು ನಿಲ್ಲೋ ಹೆಂಗಸರು. ಸಿನಿಮಾ ಎರಡು ಗಂಟೆ. ಅದರ ಹಿಂದಿನ ನಿಜವಾದ ಕೇಸು 1988ರಿಂದ 1998ರವರೆಗೆ ಎಳೆದಿತ್ತು.

ನಮ್ಮಲ್ಲಿ ಮೊದಲು ಬರೋದು ಜೆರಾಕ್ಸ್ ಅಂಗಡಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯಡಿ, ಕೆಲಸದ ಜಾಗದ ಆಂತರಿಕ ಸಮಿತಿಗೆ ದೂರು ಕೊಡೋಕೆ 6 ಪ್ರತಿ ಬೇಕು. ಜೊತೆಗೆ ಇರೋ ದಾಖಲೆ, ಸಾಕ್ಷಿಗಳ ಹೆಸರು, ವಿಳಾಸ. ಬರೆಯೋಕೆ ಬಾರದಿದ್ರೆ ಸಮಿತಿಯವರೇ ನೆರವಾಗಿ ಬರೆಸಬೇಕು. ತೋಟದ ಕೆಲಸದವರಿರೋ ಲೈನ್‌ಮನೆ ತನಕ ತಲುಪಬೇಕಾದ ಮಾತು ಇದು.

10 ಜನರಿಗಿಂತ ಕಡಿಮೆ ಇರೋ ಹೋಂಸ್ಟೇನೋ ತೋಟವೋ ಆದ್ರೆ, ಅಥವಾ ಕೆಲಸ ಕೊಟ್ಟ ಸಾವ್ಕಾರರ ಮೇಲೇ ದೂರಾದ್ರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ.

ಎಡವೋದು ತಾರೀಖಿನಲ್ಲಿ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಕೊಡಬೇಕು. ತಡಕ್ಕೆ ಸರಿಯಾದ ಕಾರಣ ಇದ್ರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. “ಕಾಫಿ ಕುಯ್ಲು ಮುಗೀಲಿ, ನೋಡೋಣ” ಅಂತ ಮೇಸ್ತ್ರಿ ಅಂದ್ರೆ ಡಿಸೆಂಬರಿನ ಮಾತು ಮಾರ್ಚ್ ದಾಟುತ್ತೆ.

ರಾಜಿ? ದೂರು ಕೊಟ್ಟವಳು ಕೇಳಿದ್ರೆ ಮಾತ್ರ. ಅದೂ ದುಡ್ಡಿನ ಮೇಲೆ ಅಲ್ಲ.